32 ಕೋರ್ಸುಗಳ ಲೆಕ್ಕ: ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ಎಂಜಿನಿಯರಿಂಗ್

ಅಮೆರಿಕದ ಫಿಲಡೆಲ್ಫಿಯಾ ನಗರದ ಹೊರವಲಯದಲ್ಲಿ ಸ್ವಾರ್ಥ್‌ಮೋರ್ ಎಂಬ ಕಾಲೇಜಿದೆ. ಕ್ವೇಕರ್ ಪಂಥದವರು 1864ರಲ್ಲಿ ಸ್ಥಾಪಿಸಿದ್ದು. ಎಲ್ಲ ವಿಭಾಗ ಸೇರಿಸಿದರೂ ವಿದ್ಯಾರ್ಥಿಗಳು 1,600ರ ಆಸುಪಾಸು. ಅಲ್ಲಿ ಪದವಿಗೆ ನಾಲ್ಕು ವರ್ಷಗಳಲ್ಲಿ 32 ಕೋರ್ಸು ಮುಗಿಸಬೇಕು. ಎಂಜಿನಿಯರಿಂಗ್ ಹಿಡಿದವರಿಗೆ ಇದರಲ್ಲಿ 12 ಕೋರ್ಸು ಎಂಜಿನಿಯರಿಂಗ್, 8 ಕೋರ್ಸು ಗಣಿತ ಮತ್ತು ವಿಜ್ಞಾನ. ಮಿಕ್ಕ 12ರಲ್ಲಿ ಇತಿಹಾಸ ಓದಬಹುದು, ಅರ್ಥಶಾಸ್ತ್ರ ಓದಬಹುದು, ಚೀನೀ ಭಾಷೆ ಕಲಿಯಬಹುದು, ನೃತ್ಯ ಮಾಡಬಹುದು. ಕೊನೆಯಲ್ಲಿ ಕೈಗೆ ಸಿಗುವುದು ಮಾನ್ಯತೆ ಪಡೆದ ಎಂಜಿನಿಯರಿಂಗ್ ಪದವಿಯೇ.

ನಮ್ಮ ಕಡೆ ಎಂಟು ಸೆಮಿಸ್ಟರ್ ಉಸಿರು ಬಿಡದೆ ಓದಿ ಬಿ.ಇ. ಮುಗಿಸಿದವರಿಗೆ ಈ ಲೆಕ್ಕ ನಂಬಲು ಕಷ್ಟ. ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಓದಿದವರು ಎಂಜಿನಿಯರ್ ಆಗುವುದು ಹೇಗೆ? ಇನ್ನೊಂದು ಕಡೆಯಿಂದಲೂ ಅನುಮಾನ ಉಂಟು. ಉದ್ಯೋಗಕ್ಕೆಂದು ಕಲಿಸುವ ವಿದ್ಯೆಗೆ, ಉದ್ಯೋಗದ ಮಾತೆತ್ತದೆ ಬುದ್ಧಿಯನ್ನು ಬೆಳೆಸುತ್ತೇವೆ ಎನ್ನುವ ಕಾಲೇಜಿನಲ್ಲಿ ಏನು ಕೆಲಸ? ಎರಡೂ ಕಡೆಯ ಅನುಮಾನಗಳ ನಡುವೆ ಈ ವಿಭಾಗಗಳು ನೂರೈವತ್ತು ವರ್ಷಗಳಿಗೂ ಮೀರಿ ಬದುಕಿವೆ. ಹೇಗೆ ಬದುಕಿವೆ, ಏನು ಕಳೆದುಕೊಂಡು ಏನು ಗಳಿಸಿವೆ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಸ್ಪಷ್ಟನೆ. ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜು ನಮ್ಮ ಬಿ.ಎ. ಕಾಲೇಜಿನಂಥದ್ದಲ್ಲ. ಭೌತಶಾಸ್ತ್ರ, ಗಣಿತ, ಜೀವಶಾಸ್ತ್ರ, ತತ್ತ್ವಶಾಸ್ತ್ರ, ಸಂಗೀತ ಎಲ್ಲವೂ ಒಂದೇ ಆವರಣದಲ್ಲಿ ಇರುತ್ತವೆ. ಇವು ಪದವಿ ವಿದ್ಯಾರ್ಥಿಗಳಿಗಾಗಿಯೇ ಇರುವ ಕಾಲೇಜುಗಳು. ಸ್ನಾತಕೋತ್ತರ ವಿಭಾಗ ಇಲ್ಲ ಎನ್ನುವಷ್ಟು ಕಡಿಮೆ. ಮುಖ್ಯ ವಿಷಯವನ್ನು ಸಾಮಾನ್ಯವಾಗಿ ಎರಡನೇ ವರ್ಷದ ಕೊನೆಗೆ ಆರಿಸಿಕೊಳ್ಳಬೇಕು. ಈ ಕೊನೆಯ ಸಂಗತಿಯೇ ಎಂಜಿನಿಯರಿಂಗ್ ಮೇಷ್ಟರ ಮೊದಲ ತಲೆನೋವು. ಅದಕ್ಕೆ ಆಮೇಲೆ ಬರೋಣ.

ಪಾದ್ರಿ, ಒಲೆ, ಕಾಲುವೆ

ಅಮೆರಿಕದಲ್ಲಿ ಎಂಜಿನಿಯರಿಂಗ್ ಶಿಕ್ಷಣ ಸೈನ್ಯದ ಅಂಗಳದಲ್ಲಿ ಹುಟ್ಟಿತು. 1802ರಲ್ಲಿ ಸ್ಥಾಪನೆಯಾದ ವೆಸ್ಟ್ ಪಾಯಿಂಟ್ ಅಕಾಡೆಮಿಗೆ 1817ರಲ್ಲಿ ಮುಖ್ಯಸ್ಥನಾಗಿ ಬಂದ ಸಿಲ್ವೇನಸ್ ಥೇಯರ್, ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್ ಮಾದರಿಯಲ್ಲಿ ಪಾಠಕ್ರಮ ರೂಪಿಸಿದ. ಅದೇ ವರ್ಷ ನ್ಯೂಯಾರ್ಕ್ ರಾಜ್ಯದಲ್ಲಿ ಈರಿ ಕಾಲುವೆಯ ಕೆಲಸ ಶುರುವಾಗಿ 1825ಕ್ಕೆ ಮುಗಿಯಿತು. ಕಾಲುವೆಗೆ, ಅದರ ಹಿಂದೆಯೇ ಬಂದ ರೈಲಿಗೆ, ಅಳೆಯಬಲ್ಲವರು ಮತ್ತು ಕಟ್ಟಬಲ್ಲವರು ಬೇಕಾಗಿದ್ದರು. ಕಾಲುವೆಯ ಹಾದಿಯಲ್ಲೇ ಇದ್ದ ಟ್ರಾಯ್ ಊರಿನಲ್ಲಿ 1824ರಲ್ಲಿ ರೆನ್ಸೆಲಿಯರ್ ಶಾಲೆ ತೆರೆಯಿತು.

ಹಳೆಯ ಕಾಲೇಜುಗಳು ಇದಕ್ಕೆ ಬಾಗಿಲು ತೆರೆಯಬೇಕೆ? 1828ರಲ್ಲಿ ಯೇಲ್ ಕಾಲೇಜಿನ ಅಧ್ಯಾಪಕರು ಪ್ರಸಿದ್ಧವಾದ ವರದಿಯೊಂದನ್ನು ಹೊರತಂದು, ಗ್ರೀಕ್ ಮತ್ತು ಲ್ಯಾಟಿನ್ ಓದೇ ಬುದ್ಧಿಯನ್ನು ಪಳಗಿಸುವ ದಾರಿ, ವೃತ್ತಿಯ ತರಬೇತಿ ಆಮೇಲಿನ ಮಾತು ಎಂದು ವಾದಿಸಿದರು. ಅದೇ ವರ್ಷ ಸ್ಕೆನೆಕ್ಟಡಿ ಊರಿನ ಯೂನಿಯನ್ ಕಾಲೇಜು ಉಲ್ಟಾ ದಾರಿ ಹಿಡಿಯಿತು. ಹಳೆಯ ಭಾಷೆಗಳ ಬದಲು ವಿಜ್ಞಾನ ಮತ್ತು ಆಧುನಿಕ ಭಾಷೆ ಓದುವ ಸಮಾನಾಂತರ ಪಾಠಕ್ರಮವನ್ನು ಅಲ್ಲಿ ತಂದವರು ಅಧ್ಯಕ್ಷ ಎಲಿಫಲೆಟ್ ನಾಟ್. ಮನುಷ್ಯ ವಿಚಿತ್ರ. ವೃತ್ತಿಯಿಂದ ಪ್ರೆಸ್ಬಿಟೇರಿಯನ್ ಪಾದ್ರಿ. 1804ರಿಂದ 1866ರವರೆಗೆ, 62 ವರ್ಷ ಒಂದೇ ಕಾಲೇಜಿನ ಅಧ್ಯಕ್ಷ. ಕಲ್ಲಿದ್ದಲು ಉರಿಸುವ ಒಲೆಗಳಿಗೆ ಮೂವತ್ತರಷ್ಟು ಪೇಟೆಂಟ್ ಪಡೆದ ಶೋಧಕ. ಸಾಲದ್ದಕ್ಕೆ 1829ರಿಂದ 1845ರವರೆಗೆ ಪಕ್ಕದ ಊರಿನ ರೆನ್ಸೆಲಿಯರ್‌ಗೂ ಅಧ್ಯಕ್ಷ. 1845ರಲ್ಲಿ ವಿಲಿಯಂ ಗಿಲೆಸ್ಪಿ ಎಂಬವರನ್ನು ಪ್ರಾಧ್ಯಾಪಕರನ್ನಾಗಿ ಕರೆದು ಯೂನಿಯನ್ನಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಶುರು ಮಾಡಿದರು. ಲಿಬರಲ್ ಆರ್ಟ್ಸ್ ಕಾಲೇಜೊಂದು ಎಂಜಿನಿಯರಿಂಗನ್ನು ಒಳಗೆ ಕರೆದುಕೊಂಡ ಮೊದಲ ಉದಾಹರಣೆ ಇದೇ ಎನ್ನುತ್ತಾರೆ.

ಮುಂದಿನ ಎರಡು ದಶಕಗಳಲ್ಲಿ ದಾರಿ ಅಗಲವಾಯಿತು. ಪೆನ್ಸಿಲ್ವೇನಿಯಾದ ಲಫಾಯೆಟ್ ಕಾಲೇಜಿಗೆ ಕಲ್ಲಿದ್ದಲು ಗಣಿಯೊಡೆಯ ಏರಿಯೊ ಪಾರ್ಡೀ 1860ರ ದಶಕದಲ್ಲಿ ಹಣ ಕೊಟ್ಟು ಎಂಜಿನಿಯರಿಂಗ್ ತರಿಸಿದ. ವೆಸ್ಟ್ ಪಾಯಿಂಟಿನ ಥೇಯರ್ ಮುಪ್ಪಿನಲ್ಲಿ ತಾನು ಓದಿದ ಡಾರ್ಟ್‌ಮತ್ ಕಾಲೇಜಿಗೆ ದಾನ ಕೊಟ್ಟು, 1867ರಲ್ಲಿ ಅಲ್ಲಿ ತನ್ನ ಹೆಸರಿನ ಎಂಜಿನಿಯರಿಂಗ್ ಶಾಲೆಗೆ ಬುನಾದಿ ಹಾಕಿದ. ಮೊದಲು ಉದಾರ (ಲಿಬರಲ್) ಶಿಕ್ಷಣ, ಅದರ ಮೇಲೆ ಎಂಜಿನಿಯರಿಂಗ್ ಎಂಬುದು ಅವನ ಕಲ್ಪನೆ. ಆ ಕ್ರಮ ಇಂದಿಗೂ ಅಲ್ಲಿ ಉಳಿದಿದೆ: ವಿದ್ಯಾರ್ಥಿ ಮೊದಲು ಬಿ.ಎ. ಪಡೆಯುತ್ತಾನೆ, ಎಂಜಿನಿಯರ್‌ನ ವೃತ್ತಿಪದವಿ ಅದರ ಮೇಲೆ ಬರುತ್ತದೆ.

ಆದರೆ ಎಂಜಿನಿಯರಿಂಗಿನ ಹೆದ್ದಾರಿ ಬೇರೆ ಕಡೆ ಹಾದುಹೋಯಿತು. 1862ರ ಮಾರಿಲ್ ಕಾಯ್ದೆ ರಾಜ್ಯಗಳಿಗೆ ಭೂಮಿ ಕೊಟ್ಟು, ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ದೊಡ್ಡ ವಿಶ್ವವಿದ್ಯಾಲಯಗಳನ್ನು ಹುಟ್ಟಿಸಿತು. ಅಮೆರಿಕದ ಬಹುಪಾಲು ಎಂಜಿನಿಯರುಗಳು ಅಂದಿನಿಂದ ಅಲ್ಲೇ ತಯಾರಾದರು. ಸಣ್ಣ ಕಾಲೇಜುಗಳ ವಿಭಾಗಗಳು ಅಂಚಿಗೆ ಸರಿದವು. ಆದರೂ ಅಂಚಿನಲ್ಲಿ ಒಮ್ಮೊಮ್ಮೆ ದೊಡ್ಡವರು ಬಂದು ಕೂತರು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಊರಾದ ಸ್ಕೆನೆಕ್ಟಡಿಯಲ್ಲಿ, ಪರ್ಯಾಯ ವಿದ್ಯುತ್ತಿನ ಲೆಕ್ಕವನ್ನು ಸಂಕೀರ್ಣ ಸಂಖ್ಯೆಗಳಿಂದ ಸುಲಭ ಮಾಡಿಕೊಟ್ಟ ಚಾರ್ಲ್ಸ್ ಸ್ಟೈನ್‌ಮೆಟ್ಸ್ 1902ರಿಂದ ಯೂನಿಯನ್ ಕಾಲೇಜಿನ ಎಲೆಕ್ಟ್ರಿಕಲ್ ವಿಭಾಗವನ್ನು ನಡೆಸಿದ.

ಇಪ್ಪತ್ತನೇ ಶತಮಾನದ ಉದ್ದಕ್ಕೂ ಎಂಜಿನಿಯರಿಂಗ್ ಲೋಕವೇ ತನ್ನ ಓದು ಸಪೂರವಾಯಿತು ಎಂದು ಆಗಾಗ ದೂರಿಕೊಂಡಿದೆ. 1918ರಲ್ಲಿ ಕಾರ್ನೆಗಿ ಪ್ರತಿಷ್ಠಾನಕ್ಕಾಗಿ ಚಾರ್ಲ್ಸ್ ಮ್ಯಾನ್ ಬರೆದ ವರದಿಯ ಪ್ರಶ್ನಾವಳಿಗೆ ಉತ್ತರಿಸಿದ ಎಂಜಿನಿಯರುಗಳು ತಾಂತ್ರಿಕ ಜ್ಞಾನಕ್ಕಿಂತ ನಡತೆ, ವಿವೇಚನೆಗಳನ್ನು ಮೇಲಿಟ್ಟಿದ್ದರು. 1955ರ ಗ್ರಿಂಟರ್ ವರದಿ ಕಾರ್ಯಾಗಾರದ ಕೈಕೆಲಸ ತಗ್ಗಿಸಿ ಎಂಜಿನಿಯರಿಂಗ್ ವಿಜ್ಞಾನ ಹೆಚ್ಚಿಸಿ ಎಂದಿತು. ಜೊತೆಗೆ ಐದನೇ ಒಂದು ಭಾಗ ಮಾನವಿಕ ಮತ್ತು ಸಮಾಜಶಾಸ್ತ್ರಗಳಿಗೆ ಇರಲಿ ಎಂದೂ ಹೇಳಿತು. ಮೊದಲ ಸಲಹೆ ಎಲ್ಲೆಡೆ ಜಾರಿಗೆ ಬಂತು. ಎರಡನೆಯದನ್ನು ಬಹಳಷ್ಟು ಕಾಲೇಜುಗಳು ನಾಲ್ಕಾರು ಐಚ್ಛಿಕ ಪತ್ರಿಕೆಗಳಲ್ಲಿ ತೀರಿಸಿಕೊಂಡವು.

ಮೂರು ದಾರಿಗಳು

ಎಂಜಿನಿಯರಿಂಗನ್ನು ಉದಾರ ಶಿಕ್ಷಣದ ಜೊತೆಗಿಡಲು ಇಂದು ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಹಂಚಿಕೊಳ್ಳುವ ದಾರಿ. ಮೂರು ವರ್ಷ ಸಣ್ಣ ಕಾಲೇಜಿನಲ್ಲಿ, ಎರಡು ವರ್ಷ ಕೊಲಂಬಿಯಾದಂಥ ಅಥವಾ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಂಥ ದೊಡ್ಡ ಸಂಸ್ಥೆಯಲ್ಲಿ. ಕೊನೆಗೆ ಎರಡು ಪದವಿ. ಕಾಲೇಜಿಗೆ ಇದರಿಂದ ಖರ್ಚಿಲ್ಲ: ಪ್ರಯೋಗಾಲಯ ಕಟ್ಟಬೇಕಿಲ್ಲ, ಅಧ್ಯಾಪಕರನ್ನು ನೇಮಿಸಬೇಕಿಲ್ಲ, ಪ್ರವೇಶ ಪುಸ್ತಿಕೆಯಲ್ಲಿ ಎಂಜಿನಿಯರಿಂಗ್ ಎಂದು ಬರೆದುಕೊಳ್ಳಬಹುದು. ಕಾಗದದ ಮೇಲೆ ಚೆಂದ ಕಾಣುವ ಈ ಏರ್ಪಾಟನ್ನು ಮುಗಿಸುವವರು ಮಾತ್ರ ಕಡಿಮೆ. ಮೂರು ವರ್ಷ ಒಟ್ಟಿಗೆ ಉಂಡು ಮಲಗಿದ ಗೆಳೆಯರನ್ನು ಕೊನೆಯ ವರ್ಷ ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ. ಐದನೇ ವರ್ಷದ ಶುಲ್ಕವೂ ಹೆದರಿಸುತ್ತದೆ. ಇದಕ್ಕಿಂತ ಮುಖ್ಯವಾದ ಕೊರತೆ ಇನ್ನೊಂದಿದೆ: ಇಲ್ಲಿ ಎರಡು ವಿದ್ಯೆಗಳು ಭೇಟಿಯಾಗುವುದೇ ಇಲ್ಲ. ಒಂದು ಮುಗಿದ ಮೇಲೆ ಇನ್ನೊಂದು ಶುರುವಾಗುತ್ತದೆ.

ಎರಡನೆಯದು ಕಾಲೇಜಿನೊಳಗೇ ವಿಭಾಗ ಕಟ್ಟುವ ದಾರಿ. ಸ್ವಾರ್ಥ್‌ಮೋರ್, ಲಫಾಯೆಟ್, ಯೂನಿಯನ್, ಹಾರ್ಟ್‌ಫರ್ಡಿನ ಟ್ರಿನಿಟಿ ಈ ಗುಂಪಿನವು. ಇದರಲ್ಲಿ ಈಚಿನ ಮತ್ತು ಹೆಚ್ಚು ಚರ್ಚೆಯಾದ ಹೆಸರು ಮ್ಯಾಸಚೂಸೆಟ್ಸ್‌ನ ಸ್ಮಿತ್ ಕಾಲೇಜು. 1871ರಲ್ಲಿ ಸ್ಥಾಪನೆಯಾದ ಈ ಮಹಿಳಾ ಕಾಲೇಜು 1999ರಲ್ಲಿ ಎಂಜಿನಿಯರಿಂಗ್ ತೆರೆಯಲು ತೀರ್ಮಾನಿಸಿ, ಆ ಪದವಿ ಕೊಟ್ಟ ದೇಶದ ಮೊದಲ ಮಹಿಳಾ ಕಾಲೇಜಾಯಿತು. ಡೊಮೆನಿಕೊ ಗ್ರಾಸೊ ಮೊದಲ ನಿರ್ದೇಶಕರು. 2004ರಲ್ಲಿ ಮೊದಲ ತಂಡ ಹೊರಬಂತು. ಅಮೆರಿಕದ ಎಂಜಿನಿಯರಿಂಗ್ ಪದವೀಧರರಲ್ಲಿ ಹೆಂಗಸರ ಪಾಲು ಆಗ ಐದನೇ ಒಂದರ ಆಸುಪಾಸಿನಲ್ಲಿ ನಿಂತುಬಿಟ್ಟಿತ್ತು. ತರಗತಿಯ ಎಲ್ಲ ಬೆಂಚುಗಳಲ್ಲೂ ಹೆಣ್ಣುಮಕ್ಕಳೇ ಕೂತಿರುವ ಯಂತ್ರಶಾಸ್ತ್ರದ ತರಗತಿ ಹೊಸ ದೃಶ್ಯವೇ ಆಗಿತ್ತು.

ಮೂರನೆಯದು ಕಾಲೇಜನ್ನೇ ಈ ಉದ್ದೇಶಕ್ಕೆ ಹೊಸದಾಗಿ ಕಟ್ಟುವ ದಾರಿ. ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟ್‌ನಲ್ಲಿ 1955ರಲ್ಲಿ ಸ್ಥಾಪನೆಯಾದ ಹಾರ್ವೀ ಮಡ್ ಕಾಲೇಜು 1957ರಲ್ಲಿ 48 ವಿದ್ಯಾರ್ಥಿಗಳೊಂದಿಗೆ ಪಾಠ ಶುರು ಮಾಡಿತು. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಮಾತ್ರ ಇಲ್ಲಿನ ಮುಖ್ಯ ವಿಷಯಗಳು. ಆದರೆ ಮಾನವಿಕ, ಸಮಾಜಶಾಸ್ತ್ರ, ಕಲೆಗಳ ದೊಡ್ಡ ಕಂತನ್ನು ಎಲ್ಲರೂ ಓದಲೇಬೇಕು. ಗೋಡೆಯಾಚೆಗೆ ಪೊಮೋನಾ, ಸ್ಕ್ರಿಪ್ಸ್, ಪಿಟ್ಜರ್ ಕಾಲೇಜುಗಳಿವೆ. ಅಲ್ಲಿಯ ತರಗತಿಗಳಿಗೆ ನಡೆದೇ ಹೋಗಬಹುದು. ಬಾಸ್ಟನ್ ಬಳಿಯ ಓಲಿನ್ ಕಾಲೇಜು 1997ರಲ್ಲಿ ಸನ್ನದು ಪಡೆದು 2002ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡಿತು. ಅಲ್ಲಿ ವಿಭಾಗಗಳಿಲ್ಲ, ಅಧ್ಯಾಪಕರಿಗೆ ಕಾಯಂ ಹುದ್ದೆ ಇಲ್ಲ. ಓಲಿನ್ ಎಂಜಿನಿಯರಿಂಗ್ ಕಾಲೇಜೇ ಹೊರತು ಲಿಬರಲ್ ಆರ್ಟ್ಸ್ ಕಾಲೇಜಲ್ಲ. ಆದರೂ ಈ ಚರ್ಚೆಯಲ್ಲಿ ಅದನ್ನು ಬಿಟ್ಟು ಮಾತಾಡಲು ಬರುವುದಿಲ್ಲ.

ಏನನ್ನು ಬಿಡುವುದು

ವಿಭಾಗ ಕಟ್ಟಿದ ಮೇಲೆ ನಿಜವಾದ ಕಷ್ಟ ಶುರು. ಹತ್ತು-ಹನ್ನೆರಡು ಮಂದಿ ಅಧ್ಯಾಪಕರಿರುವ ಕಡೆ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕೆಮಿಕಲ್ ಎಂದು ಬೇರೆ ಬೇರೆ ಬ್ರಾಂಚು ನಡೆಸಲು ಆಗದು. ಆದ್ದರಿಂದ ಸ್ವಾರ್ಥ್‌ಮೋರ್ ಮತ್ತು ಹಾರ್ವೀ ಮಡ್ ಬ್ರಾಂಚಿಲ್ಲದ ಒಂದೇ ಎಂಜಿನಿಯರಿಂಗ್ ಪದವಿ ಕೊಡುತ್ತವೆ. ಸ್ಮಿತ್‌ನಲ್ಲಿ ಅದಕ್ಕೆ ಎಂಜಿನಿಯರಿಂಗ್ ಸೈನ್ಸ್ ಎಂದು ಹೆಸರು. ಲಫಾಯೆಟ್ ತುಸು ದೊಡ್ಡದು, ಹಾಗಾಗಿ ಬ್ರಾಂಚುಗಳನ್ನು ಉಳಿಸಿಕೊಂಡಿದೆ.

ಇದಕ್ಕೆ ಕಾನೂನಿನ ಅಡ್ಡಿ ಇಲ್ಲ. ಮಾನ್ಯತೆ ಕೊಡುವ ಎಬೆಟ್ ಸಂಸ್ಥೆ ಕೇಳುವುದು ಕನಿಷ್ಠ 30 ಕ್ರೆಡಿಟ್ ಗಣಿತ-ಮೂಲವಿಜ್ಞಾನ, 45 ಕ್ರೆಡಿಟ್ ಎಂಜಿನಿಯರಿಂಗ್, ಸಾಮಾನ್ಯ ಶಿಕ್ಷಣದ ಒಂದು ಪಾಲು, ಕೊನೆಯಲ್ಲೊಂದು ದೊಡ್ಡ ವಿನ್ಯಾಸದ ಕೆಲಸ. ಈ ಶತಮಾನದ ಆರಂಭದಲ್ಲಿ ಎಲ್ಲೆಡೆ ಜಾರಿಗೆ ಬಂದ ಅದರ ಹೊಸ ನಿಯಮಾವಳಿ, ಯಾವ ಪತ್ರಿಕೆ ಕಲಿಸಿದಿರಿ ಎನ್ನುವುದಕ್ಕಿಂತ ವಿದ್ಯಾರ್ಥಿಗೆ ಏನು ಮಾಡಲು ಬರುತ್ತದೆ ಎಂದು ಕೇಳತೊಡಗಿತು. ತಂಡದಲ್ಲಿ ದುಡಿಯುವುದು, ಬೇರೆ ಬೇರೆ ಜನರಿಗೆ ಅರ್ಥವಾಗುವಂತೆ ಹೇಳುವುದು, ನೈತಿಕ ಹೊಣೆಯನ್ನು ಗುರುತಿಸುವುದು ಎಲ್ಲವೂ ಆ ಪಟ್ಟಿಯಲ್ಲಿವೆ. ಸಣ್ಣ ಕಾಲೇಜುಗಳಿಗೆ ಇದು ಅನುಕೂಲದ ಗಾಳಿಯೇ ಆಯಿತು.

ಕಡಿಮೆ ಕೋರ್ಸಿನಲ್ಲಿ ಹೆಚ್ಚು ಕಲಿಸುವ ಉಪಾಯ ಗಣಿತದೊಳಗೇ ಇದೆ. ಸ್ಪ್ರಿಂಗಿಗೆ ನೇತುಬಿದ್ದ ತೂಕದ ಅಲುಗಾಟವೂ ಕೆಪಾಸಿಟರ್-ಇಂಡಕ್ಟರ್ ಇರುವ ಸರ್ಕ್ಯೂಟಿನ ಪ್ರವಾಹವೂ ಒಂದೇ ಬಗೆಯ ಸಮೀಕರಣಕ್ಕೆ ಒಳಪಡುತ್ತವೆ. ಬಿಸಿ ತಟ್ಟೆ ಆರುವುದು, ತೊಟ್ಟಿ ಬರಿದಾಗುವುದು ಅದರ ಸರಳ ರೂಪಗಳು. ಸ್ವಾರ್ಥ್‌ಮೋರ್‌ನಲ್ಲಿ ಇದನ್ನು ಭೌತಿಕ ವ್ಯವಸ್ಥೆಗಳ ವಿಶ್ಲೇಷಣೆ ಎಂಬ ಒಂದೇ ಕೋರ್ಸಿನಲ್ಲಿ ಹಿಡಿಯುತ್ತಾರೆ. ಹಾರ್ವೀ ಮಡ್‌ನ ಇಂಥದೇ ಕೋರ್ಸಿನಲ್ಲಿ ನೀರಿನಡಿ ತಾನಾಗಿ ಚಲಿಸುವ ಪುಟ್ಟ ರೋಬಾಟ್ ಕಟ್ಟಿ ಅಳತೆ ತೆಗೆಯುತ್ತಾರೆ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಮೂರು ವಿಭಾಗಗಳು ಮೂರು ಹೆಸರಿನಲ್ಲಿ ಹೇಳುವ ಪಾಠ ಇಲ್ಲಿ ಒಂದು ಸೆಮಿಸ್ಟರಿನಲ್ಲಿ ಮುಗಿಯುತ್ತದೆ. ವಿದ್ಯಾರ್ಥಿಗೂ ಬೇಗ ಹೊಳೆಯುತ್ತದೆ: ಎಂಜಿನಿಯರಿಂಗಿನ ಬ್ರಾಂಚುಗಳು ಕಾರ್ಖಾನೆಗಳ ಇತಿಹಾಸದಿಂದ ಬಂದವು, ಪ್ರಕೃತಿ ಹಾಗೆ ಹಂಚಿಕೊಂಡಿಲ್ಲ.

ಬಿಟ್ಟದ್ದಕ್ಕೆ ಬೆಲೆಯೂ ಇದೆ. ಉಕ್ಕಿನ ಕಟ್ಟಡದ ನಿಯಮಸಂಹಿತೆ, ವಿದ್ಯುತ್ ಯಂತ್ರಗಳು, ಸಂವಹನ ವ್ಯವಸ್ಥೆ ಮುಂತಾದ ಆಳದ ಪತ್ರಿಕೆಗಳು ಒಂದೋ ಎರಡು ವರ್ಷಕ್ಕೊಮ್ಮೆ ಬರುತ್ತವೆ, ಇಲ್ಲವೇ ಬರುವುದೇ ಇಲ್ಲ. ಒಬ್ಬ ಅಧ್ಯಾಪಕರು ರಜೆಯ ಮೇಲೆ ಸಂಶೋಧನೆಗೆ ಹೋದರೆ ಅವರ ಜೊತೆ ಆ ವಿಷಯವೂ ಒಂದು ವರ್ಷ ಮಾಯ. ಬಹಳ ಮಂದಿ ಇಲ್ಲಿಂದ ನೇರವಾಗಿ ಎಂ.ಎಸ್. ಓದಲು ಹೋಗಿ, ಬ್ರಾಂಚನ್ನು ಅಲ್ಲಿ ಹಿಡಿಯುತ್ತಾರೆ.

ಇನ್ನೊಂದು ಪೇಚು ಸರಪಳಿಯದು. ಕ್ಯಾಲ್ಕ್ಯುಲಸ್ ಆಗದೆ ಡಿಫರೆನ್ಷಿಯಲ್ ಸಮೀಕರಣ ಇಲ್ಲ, ಅದಾಗದೆ ದ್ರವಚಲನೆ ಇಲ್ಲ. ಉದಾರ ಶಿಕ್ಷಣದ ಮಾತು ‘ನಿಧಾನವಾಗಿ ನೋಡಿ ಆರಿಸಿಕೋ’ ಎನ್ನುತ್ತದೆ. ಎಂಜಿನಿಯರಿಂಗ್ ಮೇಷ್ಟರು ಮೊದಲ ಸೆಮಿಸ್ಟರಿನಲ್ಲೇ ‘ಈಗ ಹಿಡಿಯದಿದ್ದರೆ ನಾಲ್ಕು ವರ್ಷ ಸಾಲದು’ ಎನ್ನಬೇಕಾಗುತ್ತದೆ. ಪ್ರೌಢಶಾಲೆಯಲ್ಲಿ ಒಳ್ಳೆಯ ಗಣಿತದ ಪಾಠ ಸಿಗದೆ ಬಂದ ಮಕ್ಕಳಿಗೆ ಈ ಪೇಚು ಎರಡು ಪಟ್ಟು. ಒಂದು ಸೆಮಿಸ್ಟರ್ ವಿದೇಶದಲ್ಲಿ ಓದುವುದು ಇಂಥ ಕಾಲೇಜುಗಳ ಹೆಮ್ಮೆ. ಎಂಜಿನಿಯರಿಂಗ್ ವಿದ್ಯಾರ್ಥಿ ಅದಕ್ಕೂ ಕೋರ್ಸುಗಳ ಪಟ್ಟಿ ಹಿಡಿದು ವರ್ಷದ ಮುಂಚೆಯೇ ಲೆಕ್ಕ ಹಾಕಬೇಕು.

ಇಲ್ಲಿ ಕಲಿಸುವವರ ಬದುಕೂ ಬೇರೆ. ಎಲೆಕ್ಟ್ರಿಕಲ್‌ನಲ್ಲಿ ಪಿಎಚ್.ಡಿ. ಮಾಡಿದವರು ಮೆಕ್ಯಾನಿಕ್ಸ್ ಪಾಠ ಮಾಡಬೇಕಾಗುತ್ತದೆ. ಸಂಶೋಧನಾ ವಿದ್ಯಾರ್ಥಿಗಳಿಲ್ಲ, ಬೇಸಿಗೆ ರಜೆಯಲ್ಲಿ ಇಬ್ಬರು ಮೂವರು ಪದವಿ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಪ್ರಯೋಗ ಮಾಡಬೇಕು. ದೊಡ್ಡ ಸಂಶೋಧನಾ ಅನುದಾನಗಳ ಓಟದಲ್ಲಿ ಅವರು ಹಿಂದೆ ಬೀಳುತ್ತಾರೆ. ಬದಲಿಗೆ ದೊರೆಯುವುದು ಹದಿನೈದು ಇಪ್ಪತ್ತು ಮಂದಿಯ ತರಗತಿ, ಲ್ಯಾಬಿನಲ್ಲಿ ಸಹಾಯಕನ ಬದಲು ತಾವೇ ನಿಂತು ಕಲಿಸುವ ಅವಕಾಶ, ಊಟದ ಮೇಜಿನಲ್ಲಿ ಎದುರಿಗೆ ಕೂರುವ ತತ್ತ್ವಶಾಸ್ತ್ರದ ಸಹೋದ್ಯೋಗಿ.

ಕಟ್ಟಿ ಕಲಿಯುವುದು

ಈ ಕಾಲೇಜುಗಳು ಎಂಜಿನಿಯರಿಂಗ್ ಶಿಕ್ಷಣಕ್ಕೆ ಕೊಟ್ಟ ದೊಡ್ಡ ಕೊಡುಗೆ ವಿನ್ಯಾಸದ ಪಾಠ. ಹಾರ್ವೀ ಮಡ್‌ನಲ್ಲಿ 1963ರಲ್ಲಿ ಜ್ಯಾಕ್ ಆಲ್ಫರ್ಡ್ ಮತ್ತು ಮ್ಯಾಕ್ ಗಿಲ್ಕೆಸನ್ ಎಂಜಿನಿಯರಿಂಗ್ ಕ್ಲಿನಿಕ್ ಶುರು ಮಾಡಿದರು. ಹೆಸರು ವೈದ್ಯಶಿಕ್ಷಣದಿಂದ ತಂದದ್ದು: ವೈದ್ಯ ವಿದ್ಯಾರ್ಥಿ ರೋಗಿಯನ್ನು ನೋಡಿ ಕಲಿಯುವಂತೆ ಇಲ್ಲಿ ನಿಜವಾದ ಸಮಸ್ಯೆಯನ್ನು ನೋಡಿ ಕಲಿಯಬೇಕು. ಕಂಪನಿಯೊಂದು ಶುಲ್ಕ ಕಟ್ಟಿ ತನ್ನ ಸಮಸ್ಯೆಯನ್ನು ತರುತ್ತದೆ. ನಾಲ್ಕೈದು ವಿದ್ಯಾರ್ಥಿಗಳು ವರ್ಷವಿಡೀ ಅದರ ಮೇಲೆ ದುಡಿಯುತ್ತಾರೆ, ಬಜೆಟ್ ನೋಡಿಕೊಳ್ಳುತ್ತಾರೆ, ಕೊನೆಗೆ ಕಂಪನಿಯ ಎದುರು ಲೆಕ್ಕ ಒಪ್ಪಿಸುತ್ತಾರೆ. ಇಂಥ ಯೋಜನೆಗಳ ಸಂಖ್ಯೆ ಸಾವಿರ ದಾಟಿ ಎಷ್ಟೋ ಕಾಲವಾಯಿತು. 2012ರಲ್ಲಿ ಗಿಲ್ಕೆಸನ್, ಕ್ಲೈವ್ ಡಿಮ್, ರಿಚರ್ಡ್ ಫಿಲಿಪ್ಸ್ ಅವರಿಗೆ ಇದಕ್ಕಾಗಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಯ ಗಾರ್ಡನ್ ಪ್ರಶಸ್ತಿ ಬಂತು. ಮರುವರ್ಷ ಅದೇ ಪ್ರಶಸ್ತಿ ಓಲಿನ್ ಕಾಲೇಜು ಕಟ್ಟಿದವರಿಗೆ ಹೋಯಿತು. ಸ್ಮಿತ್‌ನಲ್ಲೂ ಕೊನೆಯ ವರ್ಷಕ್ಕೆ ಇಂಥದೇ ಕ್ಲಿನಿಕ್ ಇದೆ.

ವಿನ್ಯಾಸದ ಪಾಠ ಇಲ್ಲಿ ಚಿಗುರಿದ್ದು ಆಕಸ್ಮಿಕವಲ್ಲ. ವಿಶ್ಲೇಷಣೆಗೆ ಒಂದೇ ಸರಿಯುತ್ತರ ಇರುತ್ತದೆ. ವಿನ್ಯಾಸಕ್ಕೆ ಹತ್ತು ಉತ್ತರಗಳಿದ್ದು, ಯಾವುದು ಮೇಲು ಎಂದು ವಾದಿಸಿ ಒಪ್ಪಿಸಬೇಕು. ಯಾರಿಗಾಗಿ, ಎಷ್ಟು ಖರ್ಚಿನಲ್ಲಿ, ಯಾರ ತೊಂದರೆಯ ಮೇಲೆ ಎಂಬ ಪ್ರಶ್ನೆಗಳು ಅಲ್ಲಿ ತಾವಾಗಿ ಬರುತ್ತವೆ. ಓದಿ, ವಾದಿಸಿ, ಬರೆದು ರೂಢಿ ಇರುವ ಮಕ್ಕಳು ಇಲ್ಲಿ ಒಂದು ಹೆಜ್ಜೆ ಮುಂದಿರುತ್ತಾರೆ.

ಬೆರೆಯುವ ಜಾಗಗಳು

ಎರಡು ವಿದ್ಯೆಗಳು ಒಂದೇ ಕೋರ್ಸಿನಲ್ಲಿ ಬೆರೆತ ಒಳ್ಳೆಯ ಉದಾಹರಣೆಗಳು ಹೆಚ್ಚಿಲ್ಲ, ಇರುವಂಥವು ಮನನಯೋಗ್ಯ. ಸ್ಮಿತ್‌ನಲ್ಲಿ ಕಲಿಸುತ್ತಿದ್ದ ಡೊನಾ ರೈಲಿ ಥರ್ಮೊಡೈನಮಿಕ್ಸ್ ಪಾಠಕ್ಕೆ ಶಕ್ತಿಯ ರಾಜಕೀಯವನ್ನೂ ನೀತಿಯನ್ನೂ ಒಳಗೆ ತಂದರು. ಎಂಜಿನ್ನಿನ ದಕ್ಷತೆ ಲೆಕ್ಕ ಹಾಕಿದ ಮೇಲೆ, ದಕ್ಷತೆಯನ್ನು ಹೀಗೆ ಅಳೆಯಬೇಕೆಂದು ತೀರ್ಮಾನಿಸಿದವರು ಯಾರು, ಅದರ ಲಾಭ ಯಾರಿಗೆ ಎಂಬ ಪ್ರಶ್ನೆಯೂ ಅದೇ ತರಗತಿಯಲ್ಲಿ ಏಳಬೇಕೆಂಬುದು ಅವರ ನಿಲುವು. ಎಂಜಿನಿಯರಿಂಗ್ ಮತ್ತು ಸಾಮಾಜಿಕ ನ್ಯಾಯದ ಬಗ್ಗೆ ಅವರ ಪುಸ್ತಕ 2008ರಲ್ಲಿ ಬಂತು.

ಓಲಿನ್‌ನಲ್ಲಿ ಇತಿಹಾಸಕಾರ ರಾಬರ್ಟ್ ಮಾರ್ಟೆಲೊ ಮತ್ತು ವಸ್ತುವಿಜ್ಞಾನಿ ಜೊನಾಥನ್ ಸ್ಟೋಲ್ಕ್ ಸೇರಿ ಪಾಲ್ ರಿವಿಯರ್ ಎಂಬವನ ಸುತ್ತ ಒಂದು ಜೋಡಿ ಕೋರ್ಸು ಕಟ್ಟಿದರು. ಅಮೆರಿಕದ ಕ್ರಾಂತಿಯ ಕತೆಗಳಲ್ಲಿ ಕುದುರೆಯೇರಿ ಬರುವ ಈ ರಿವಿಯರ್ ವೃತ್ತಿಯಿಂದ ಬೆಳ್ಳಿ ಕೆಲಸದವನು. ಆಮೇಲೆ ಗಂಟೆ ಎರಕ ಹೊಯ್ದವನು, ತಾಮ್ರದ ತಗಡು ಮಾಡುವ ಗಿರಣಿ ನಡೆಸಿದವನು. ವಿದ್ಯಾರ್ಥಿಗಳು ಒಂದು ಕಡೆ ಅವನ ಕಾಲದ ದಾಖಲೆ ಓದುತ್ತಾರೆ, ಇನ್ನೊಂದು ಕಡೆ ಲೋಹವನ್ನು ಲ್ಯಾಬಿನಲ್ಲಿ ಪರೀಕ್ಷಿಸುತ್ತಾರೆ. ಲೋಹದ ಗುಣ ಗೊತ್ತಿಲ್ಲದೆ ಅವನ ವ್ಯಾಪಾರ ಅರ್ಥವಾಗದು. ಅವನ ಕಾಲ ಗೊತ್ತಿಲ್ಲದೆ ಅವನು ತಾಮ್ರಕ್ಕೆ ಏಕೆ ಕೈಹಾಕಿದ ಎಂಬುದು ತಿಳಿಯದು.

ಇವೆರಡೂ ಎಂಜಿನಿಯರುಗಳಿಗಾಗಿ ಮಾಡಿದ ಕೋರ್ಸುಗಳು. ಎದುರು ದಿಕ್ಕಿನ ಪಾಠ ಮಾಡಿದವರು ಪ್ರಿನ್ಸ್‌ಟನ್‌ನ ಡೇವಿಡ್ ಬಿಲ್ಲಿಂಗ್ಟನ್. ಪ್ರಿನ್ಸ್‌ಟನ್ ದೊಡ್ಡ ವಿಶ್ವವಿದ್ಯಾಲಯ. ಆದರೆ ಅವರ ಕೋರ್ಸು ಸಣ್ಣ ಕಾಲೇಜುಗಳಿಗೂ ಮಾದರಿಯಾಗಬಲ್ಲದು. ಸ್ವಿಸ್ ಎಂಜಿನಿಯರ್ ರಾಬರ್ಟ್ ಮಯಾರ್ 1930ರಲ್ಲಿ ಮುಗಿಸಿದ ಸಾಲ್ಗಿನಾಟೋಬೆಲ್ ಕಾಂಕ್ರೀಟ್ ಸೇತುವೆಯಂಥ ಕೃತಿಗಳನ್ನಿಟ್ಟುಕೊಂಡು, ರಚನೆಯೂ ಒಂದು ಕಲೆ, ಅದಕ್ಕೆ ಮೂರು ಮಾನದಂಡ ಎಂದು ಅವರು ವಿವರಿಸಿದರು: ಕಡಿಮೆ ವಸ್ತು, ಕಡಿಮೆ ಖರ್ಚು, ನೋಟದ ಸೊಗಸು. 1983ರ ಅವರ ಪುಸ್ತಕ ‘ದ ಟವರ್ ಅಂಡ್ ದ ಬ್ರಿಜ್’ ಈ ವಾದದ ವಿಸ್ತಾರ. ಇತಿಹಾಸ, ಸಾಹಿತ್ಯ ಓದುವವರೂ ಅವರ ತರಗತಿಯಲ್ಲಿ ಕೂತು ಸರಳ ಸೂತ್ರದಿಂದ ಸೇತುವೆಯ ಬಲ ಲೆಕ್ಕ ಹಾಕಿದರು. ಸ್ಮಿತ್‌ನ ಆರಂಭಿಕ ಕೋರ್ಸಿಗೆ ‘ಎಲ್ಲರಿಗೂ ಎಂಜಿನಿಯರಿಂಗ್’ ಎಂಬರ್ಥದ ಹೆಸರೇ ಇದೆ.

ಲಾಭ, ನಷ್ಟ, ಹಣ

ಇಷ್ಟೆಲ್ಲ ಮಾಡಿದರೆ ಉತ್ತಮ ಎಂಜಿನಿಯರ್ ಬರುತ್ತಾನೆಯೇ? ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2018ರಲ್ಲಿ ಮಾನವಿಕ ಮತ್ತು ವಿಜ್ಞಾನ-ತಂತ್ರಜ್ಞಾನಗಳ ಬೆಸುಗೆಯ ಬಗ್ಗೆ ದೊಡ್ಡ ವರದಿ ತಂದವು. ಸಂವಹನ, ತಂಡದ ಕೆಲಸ, ವಿಮರ್ಶಕ ಚಿಂತನೆಗಳಲ್ಲಿ ಒಳ್ಳೆಯ ಸೂಚನೆಗಳಿವೆ, ಆದರೆ ಇದರಿಂದಲೇ ಅದು ಎಂದು ಹೇಳುವ ಗಟ್ಟಿ ಪುರಾವೆ ಇನ್ನೂ ತೆಳ್ಳಗಿದೆ ಎಂಬುದು ಅದರ ಸಾರ. ಕಾರಣ ಸುಲಭ: ಈ ಕಾಲೇಜುಗಳಿಗೆ ಸೇರುವವರು ಮೊದಲೇ ಚೆನ್ನಾಗಿ ಓದಿ ಬಂದವರು. ಅವರ ಯಶಸ್ಸಿನಲ್ಲಿ ಕಾಲೇಜಿನದೆಷ್ಟು, ಮನೆಯದೆಷ್ಟು ಎಂದು ಬಿಡಿಸುವುದು ಕಷ್ಟ.

ಹಣದ ಮಾತಂತೂ ತಪ್ಪಿಸಿಕೊಳ್ಳಲಾಗದು. ಸ್ವಾರ್ಥ್‌ಮೋರ್ ಮತ್ತು ಸ್ಮಿತ್ ಎರಡರ ನಿಧಿಯೂ 200 ಕೋಟಿ ಡಾಲರ್ ಮೀರಿದ್ದು. ಈ ಕಾಲೇಜುಗಳ ಬೋಧನಾ ಶುಲ್ಕವೇ ವರ್ಷಕ್ಕೆ 60 ಸಾವಿರ ಡಾಲರ್ ದಾಟಿದೆ. ಬಡ ಮಕ್ಕಳಿಗೆ ದೊಡ್ಡ ರಿಯಾಯಿತಿ ಉಂಟು ಎಂಬುದೂ ನಿಜ. ಓಲಿನ್‌ಗೆ ಒಂದೇ ಪ್ರತಿಷ್ಠಾನ 40 ಕೋಟಿ ಡಾಲರಿಗೂ ಹೆಚ್ಚು ಸುರಿಯಿತು. ಆರಂಭದಲ್ಲಿ ಎಲ್ಲರಿಗೂ ಬೋಧನಾ ಶುಲ್ಕ ಮಾಫಿ ಇತ್ತು, ಆರ್ಥಿಕ ಕುಸಿತದ ನಂತರ ಅದು ಅರ್ಧಕ್ಕಿಳಿಯಿತು. ಹಣವಿಲ್ಲದ ಕಡೆ ಏನಾಗುತ್ತದೆ ಎನ್ನುವುದಕ್ಕೆ ವರ್ಜೀನಿಯಾದ ಸ್ವೀಟ್ ಬ್ರಯರ್ ಸಾಕ್ಷಿ. ಸ್ಮಿತ್‌ನ ನಂತರ ಮಾನ್ಯತೆ ಪಡೆದ ಎಂಜಿನಿಯರಿಂಗ್ ಪದವಿ ಕೊಟ್ಟ ಈ ಮಹಿಳಾ ಕಾಲೇಜು, ಆ ವರ್ಷದ ಬೇಸಿಗೆಯಲ್ಲೇ ಮುಚ್ಚುತ್ತೇವೆ ಎಂದು 2015ರ ಮಾರ್ಚ್‌ನಲ್ಲಿ ಘೋಷಿಸಿತು. ಹಳೆಯ ವಿದ್ಯಾರ್ಥಿನಿಯರು ಹಣ ಕೂಡಿಸಿ, ಕೋರ್ಟಿಗೆ ಹೋಗಿ ಉಳಿಸಿಕೊಂಡರು. ದಾರಿ ತೋರಿದ ಯೂನಿಯನ್ ಕಾಲೇಜು ಕೂಡ ನಾಟ್ ಶುರು ಮಾಡಿದ ಸಿವಿಲ್ ವಿಭಾಗವನ್ನೇ 2000ರ ದಶಕದಲ್ಲಿ ಕೈಬಿಟ್ಟಿತ್ತು.

ಹೊರೆಯ ಮಾತೂ ಇದೆ. ಎರಡೂ ವಿದ್ಯೆ ಬೇಕು ಎಂದಾಗ ಯಾವುದನ್ನೂ ಬಿಡಲು ಮನಸ್ಸಾಗದೆ ಎಲ್ಲವನ್ನೂ ತುಂಬುವ ಆಸೆ ಹುಟ್ಟುತ್ತದೆ. ಹಾರ್ವೀ ಮಡ್‌ನಲ್ಲಿ 2017ರಲ್ಲಿ ಓದಿನ ಒತ್ತಡದ ಬಗ್ಗೆ ವಿದ್ಯಾರ್ಥಿಗಳ ಅಸಮಾಧಾನ ಸಿಡಿದು, ಕಾಲೇಜು ತರಗತಿ ನಿಲ್ಲಿಸಿ ಮಾತಿಗೆ ಕೂರಬೇಕಾಯಿತು. ಉದಾರ ಶಿಕ್ಷಣಕ್ಕೆ ಬಿಡುವು ಬೇಕು. ಬಿಡುವಿಲ್ಲದೆ ಓದಿದ ಇತಿಹಾಸವೂ ಇನ್ನೊಂದು ಪ್ರಾಬ್ಲಮ್ ಶೀಟೇ.

ಇವಕ್ಕಿಂತ ದೊಡ್ಡ ಕೊರತೆ ನನಗೆ ಕಾಣುವುದು ಬೇರೆ ಕಡೆ. ಈ ಕಾಲೇಜುಗಳಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿ ಹತ್ತಾರು ಮಾನವಿಕ ಕೋರ್ಸು ಓದುತ್ತಾನೆ. ಅದೇ ಹಾಸ್ಟೆಲಿನ ಸಾಹಿತ್ಯದ ವಿದ್ಯಾರ್ಥಿ ಒಂದೂ ಎಂಜಿನಿಯರಿಂಗ್ ಕೋರ್ಸು ಓದದೆ ಪದವಿ ಪಡೆಯಬಹುದು, ಬಹುಪಾಲು ಪಡೆಯುತ್ತಾನೆ. ಸಂಚಾರ ಒಮ್ಮುಖ. ಸ್ಲೋನ್ ಪ್ರತಿಷ್ಠಾನ 1980ರ ದಶಕದಲ್ಲಿ ‘ಹೊಸ ಲಿಬರಲ್ ಆರ್ಟ್ಸ್’ ಎಂಬ ಯೋಜನೆಯಡಿ ಲೆಕ್ಕಾಚಾರದ ವಿವೇಕ ಮತ್ತು ತಂತ್ರಜ್ಞಾನದ ತಿಳಿವಳಿಕೆ ಎಲ್ಲ ಪದವೀಧರರಿಗೂ ಬೇಕೆಂದು ಸಣ್ಣ ಕಾಲೇಜುಗಳಿಗೆ ಹಣ ಕೊಟ್ಟಿತು. ಕೆಲವು ಒಳ್ಳೆಯ ಕೋರ್ಸುಗಳು ಬಂದವು, ಹಣ ನಿಂತ ಮೇಲೆ ಉತ್ಸಾಹವೂ ತಗ್ಗಿತು. ಎಂಜಿನಿಯರನನ್ನು ಸುಸಂಸ್ಕೃತನನ್ನಾಗಿಸಬೇಕು ಎಂಬ ಮಾತಿನ ಅಡಿಯಲ್ಲಿ ಹಳೆಯ ಯೇಲ್ ವರದಿಯ ಜಂಬ ಉಳಿದಿದೆ. ಅಳತೆಯಲ್ಲಿ ಎಷ್ಟು ತಪ್ಪಿರಬಹುದು ಎಂದು ಅಂದಾಜಿಸುವುದು, ಎರಡು ಒಳ್ಳೆಯದರಲ್ಲಿ ಒಂದನ್ನು ಬಿಟ್ಟುಕೊಡುವುದು, ಮುರಿಯುವ ಮುಂಚೆ ಎಲ್ಲಿ ಮುರಿಯುತ್ತದೆಂದು ಯೋಚಿಸುವುದು ಇವೂ ಬುದ್ಧಿಯನ್ನು ಪಳಗಿಸುವ ವಿದ್ಯೆಗಳೇ. ಎಂಜಿನಿಯರ್ ಮತ್ತು ಲೇಖಕ ಸ್ಯಾಮ್ಯುಯೆಲ್ ಫ್ಲಾರ್ಮನ್, ಡಾರ್ಟ್‌ಮತ್‌ನ ಥೇಯರ್ ಶಾಲೆಯಲ್ಲಿ ಓದಿ ಆಮೇಲೆ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದವರು. 1976ರ ತಮ್ಮ ಪುಸ್ತಕದಲ್ಲಿ ಅವರು ಕಟ್ಟುವ ಕೆಲಸದೊಳಗೇ ಮನುಷ್ಯಸಹಜವಾದ ಸಂತೋಷವಿದೆ ಎಂದು ವಾದಿಸಿದ್ದು ಈ ಜಂಬಕ್ಕೆ ಕೊಟ್ಟ ಉತ್ತರವೇ.

ನಮ್ಮ ಕಡೆಗೆ

ಕರ್ನಾಟಕದ ಅತ್ಯಂತ ಪ್ರಸಿದ್ಧ ಎಂಜಿನಿಯರ್ ಮೊದಲು ಬಿ.ಎ. ಪದವೀಧರ ಎಂಬುದನ್ನು ನಾವು ಮರೆಯುತ್ತೇವೆ. ಎಂ. ವಿಶ್ವೇಶ್ವರಯ್ಯ 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ನೆರವಿನಿಂದ ಪುಣೆಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಮುಗಿಸಿದರು. ಥೇಯರ್ ಕಂಡ ಕ್ರಮ ಇಲ್ಲಿ ಆಗಿನ ವಾಡಿಕೆಯಾಗಿತ್ತು. ಆಮೇಲೆ ನಾವು ಎಂಜಿನಿಯರಿಂಗಿಗೆ ಪ್ರತ್ಯೇಕ ಕಾಲೇಜುಗಳನ್ನು ಕಟ್ಟಿ ಬೇಲಿ ಹಾಕಿದೆವು. ಈಗ ಪಿಯುಸಿ ಮುಗಿದ ಬೇಸಿಗೆಯಲ್ಲೇ, ಸಿಇಟಿ ರ್‍ಯಾಂಕು ನೋಡಿ, ಒಂದು ಯಂತ್ರವನ್ನೂ ಬಿಚ್ಚಿ ನೋಡದ ಹುಡುಗ ಹುಡುಗಿಯರು ಬ್ರಾಂಚು ಆರಿಸಿಕೊಳ್ಳುತ್ತಾರೆ.

ಬಹುಶಿಸ್ತೀಯ ಸಂಸ್ಥೆಗಳು ಬೇಕು, ಒಂದೇ ವಿಷಯದ ಕಾಲೇಜುಗಳು ಕ್ರಮೇಣ ಇಲ್ಲವಾಗಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ನಮ್ಮಲ್ಲಿ ಅಂಥ ಮಾತು ಸಾಮಾನ್ಯವಾಗಿ ಒಂದು ಪತ್ರಿಕೆ ಸೇರಿಸುವುದರಲ್ಲಿ ಮುಗಿಯುತ್ತದೆ. ವಿಟಿಯು ಪಠ್ಯಕ್ರಮದಲ್ಲಿ ಒಂದೊಂದು ಕ್ರೆಡಿಟ್ಟಿನ ಸಾಂಸ್ಕೃತಿಕ ಕನ್ನಡ, ಬಳಕೆ ಕನ್ನಡ, ಸಂವಿಧಾನದ ಪತ್ರಿಕೆಗಳಿವೆ. ಇರಲಿ, ಬೇಕು. ಆದರೆ ಎಲೆಯ ತುದಿಯ ಉಪ್ಪಿನಕಾಯಿಯಿಂದ ಊಟ ಬದಲಾಗುವುದಿಲ್ಲ. ಸ್ವಾರ್ಥ್‌ಮೋರ್‌ನ ಲೆಕ್ಕದಲ್ಲಿ ಮುಖ್ಯವಾದದ್ದು ಹನ್ನೆರಡು ಎಂಬ ಸಂಖ್ಯೆಗಿಂತ ಆ ಹನ್ನೆರಡು ಕೋರ್ಸುಗಳನ್ನು ಇತಿಹಾಸ ಓದುವವರ ಪಕ್ಕದಲ್ಲೇ ಕೂತು, ಇತಿಹಾಸಕಾರರಿಂದಲೇ, ಅವರದೇ ಕಟ್ಟುನಿಟ್ಟಿನಲ್ಲಿ ಓದುತ್ತಾರೆ ಎಂಬುದು. ಅದಕ್ಕೆ ಜಾಗ ಸಿಕ್ಕಿದ್ದು ಎಂಜಿನಿಯರಿಂಗ್ ಅಧ್ಯಾಪಕರು ತಮ್ಮ ಪತ್ರಿಕೆಗಳನ್ನು ಧೈರ್ಯವಾಗಿ ಕೈಬಿಟ್ಟದ್ದರಿಂದ. ಕಡಿಮೆ ಮಾಡದೆ ಸೇರಿಸಲು ಹೊರಟವರಿಗೆ ಉಪ್ಪಿನಕಾಯಿಗಷ್ಟೇ ಜಾಗ ಉಳಿಯುತ್ತದೆ.

ಅಮೆರಿಕದ ಸಿರಿವಂತ ಕಾಲೇಜುಗಳನ್ನು ನಾವು ನಕಲು ಮಾಡಲಾಗದು, ಮಾಡಬೇಕಾದ್ದೂ ಇಲ್ಲ. ಅವರು ಅರ್ಧಕ್ಕೆ ಬಿಟ್ಟ ಕೆಲಸವನ್ನು ನಾವು ಅಗ್ಗದಲ್ಲಿ ಶುರು ಮಾಡಬಹುದು. ಜಿಲ್ಲಾ ಕೇಂದ್ರಗಳಲ್ಲಿ ಬಿ.ಎ., ಬಿ.ಕಾಂ. ಕಾಲೇಜೂ ಎಂಜಿನಿಯರಿಂಗ್ ಕಾಲೇಜೂ ಎಷ್ಟೋ ಕಡೆ ಒಂದೇ ಊರಿನಲ್ಲಿವೆ. ಎರಡೂ ಕಡೆಯ ವಿದ್ಯಾರ್ಥಿಗಳು ಒಟ್ಟಿಗೆ ಕೂರುವ ಒಂದು ಪೂರ್ತಿ ತೂಕದ ಕೋರ್ಸಿಗೆ ಕನ್ನಂಬಾಡಿ ಅಣೆಕಟ್ಟೊಂದೇ ಸಾಕು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋದದ್ದು, ಆ ವಿದ್ಯುತ್ತಿಗೆ ವರ್ಷವಿಡೀ ನೀರು ಬೇಕಾದದ್ದು, ಸಿಮೆಂಟಿನ ಬದಲು ಸುರ್ಕಿ ಗಾರೆಯಿಂದ ಅಣೆಕಟ್ಟು ಎದ್ದದ್ದು, ಮುಳುಗಿದ ಹಳ್ಳಿಗಳು, ಮದ್ರಾಸಿನೊಂದಿಗಿನ 1924ರ ಒಪ್ಪಂದ, ಮಂಡ್ಯದ ಕಬ್ಬು ಇವೆಲ್ಲ ಒಂದೇ ಪಾಠದ ಅಧ್ಯಾಯಗಳು. ನೀರಿನ ಒತ್ತಡ ಲೆಕ್ಕ ಹಾಕಬಲ್ಲ ವಿದ್ಯಾರ್ಥಿಗೆ ಒಪ್ಪಂದ ಓದಿಸಬೇಕು. ಒಪ್ಪಂದ ಓದಬಲ್ಲವರಿಗೆ ನೀರಿನ ಒತ್ತಡ ಲೆಕ್ಕ ಹಾಕಲು ಕಲಿಸಬೇಕು. ಇದರಲ್ಲಿ ಎರಡನೆಯ ಕೆಲಸವನ್ನು ಯಾವ ಕಾಲೇಜು ಮೊದಲು ಮಾಡುತ್ತದೆಯೋ ಅದು ಸ್ಮಿತ್, ಸ್ವಾರ್ಥ್‌ಮೋರ್‌ಗಳಿಗೂ ಪಾಠ ಹೇಳುವ ಜಾಗದಲ್ಲಿ ನಿಲ್ಲುತ್ತದೆ.